ಕೆಳಪಾತಿಗೆ ಮಾತ್ರ ಬಿದ್ದ ಮಳೆ

ಫೆಬ್ರವರಿ 9

ಅಕ್ಕನಿಗೆ,

ಫೋನಿನಲ್ಲಿ ಹೇಳಿದರೆ ನಿನ್ನ ಕಿವಿಗೆ ಅರ್ಧ ಬೀಳುವುದಿಲ್ಲ. ಬಿದ್ದ ಅರ್ಧವನ್ನು ಭಾವ ನಡುವೆ ಬಾಯಿ ಹಾಕಿ ಕೆಡಿಸುತ್ತಾರೆ. ಆದ್ದರಿಂದ ಬರೆದೇ ತಿಳಿಸುತ್ತಿದ್ದೇನೆ. ಈ ಕಾಗದವನ್ನು ಅಡುಗೆಮನೆ ಬಾಗಿಲಿನ ಹಿಂದೆ ಅಂಟಿಸಿಕೋ.

ಜೊತೆಗಿರುವ ಚೀಲದಲ್ಲಿ ಅಲಸಂದೆ ಬೀಜವಿದೆ. ನಮ್ಮ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಒಂದಕ್ಕೊಂದು ಕೂಡಿಸಿ, ಆರಿಸಿ, ಮತ್ತೆ ಕೂಡಿಸಿ ತೆಗೆದ ತಳಿ. ಇನ್ನೂ ಹೆಸರಿಟ್ಟಿಲ್ಲ. ಸಾಲಿನಲ್ಲಿ ಹದಿನೇಳನೆಯದು, ಹಾಗಾಗಿ ಎಲ್ಲರೂ ಅದನ್ನು ಹದಿನೇಳು ಎಂದೇ ಕರೆಯುತ್ತೇವೆ. ಅರ್ಧ ನೀರಿನಲ್ಲಿ ಪೂರ್ತಿ ಕಾಳು ಕೊಡುತ್ತದೆ ಎಂಬುದು ನಮ್ಮ ನಂಬಿಕೆ. ಗಾಜಿನ ಮನೆಯೊಳಗೆ ಕೊಟ್ಟಿದೆ. ಬಿಸಿಲು, ಗಾಳಿ, ಹುಳು ಇರುವ ಹೊಲದಲ್ಲಿ ಕೊಡುತ್ತದೆಯೇ ಎಂದು ನೋಡಬೇಕು. ನಾಲ್ಕು ಊರುಗಳಲ್ಲಿ ಬೇರೆಯವರು ನೋಡುತ್ತಿದ್ದಾರೆ, ಐದನೆಯದು ನೀನು.

ಮನೆಯ ಹಿಂದಿನ ಹೊಲದಲ್ಲಿ ಎರಡು ಪಾತಿ ಮಾಡು. ಮೇಲಿನ ಪಾತಿಗೆ ಕಾಲುವೆಯ ಪ್ರತಿ ಸರದಿಗೂ ನೀರು. ಕೆಳಪಾತಿಗೆ ಒಂದು ಸರದಿ ಬಿಟ್ಟು ಒಂದು ಸರದಿ. ಬಿತ್ತನೆ, ಕಳೆ, ಗೊಬ್ಬರ ಎರಡಕ್ಕೂ ಒಂದೇ. ನಮ್ಮವರು ಬಂದು ಎರಡರಲ್ಲೂ ಒಂದೊಂದು ಕಡ್ಡಿ ಹೂತು ಹೋಗುತ್ತಾರೆ. ಅದನ್ನು ಕೀಳಬೇಡ, ಭಾವನಿಗೂ ಕೀಳಲು ಬಿಡಬೇಡ. ತಿಂಗಳಿಗೊಮ್ಮೆ ಮಣ್ಣು, ಎಲೆ ಪೊಟ್ಟಣ ಕಟ್ಟಿ ತಗಡಿನ ಡಬ್ಬಿಯಲ್ಲಿಟ್ಟು ಅಂಚೆಗೆ ಹಾಕು. ಅದರೊಳಗೇ ಕಾಗದವನ್ನೂ ಹಾಕಿದರೆ ಸಾಕು.

ಇಷ್ಟೆಲ್ಲ ಯಾಕೆಂದರೆ, ನಿಮ್ಮ ಕಾಲುವೆಗೆ ವರ್ಷದಿಂದ ವರ್ಷಕ್ಕೆ ನೀರು ಕಡಿಮೆಯಾಗುತ್ತಿದೆ. ತುದಿಯ ಮನೆಗಳವರು ಒಂದು ಬೆಳೆಯನ್ನೂ ನೆಟ್ಟಗೆ ತೆಗೆಯುತ್ತಿಲ್ಲ. ಮೇಲಿನವರು ಅರ್ಧ ನೀರಿನಲ್ಲಿ ಬೆಳೆದರೆ ಉಳಿದರ್ಧ ಅವರಿಗೆ ಹೋಗುತ್ತದೆ. ಆಗ ಅವರ ಮನೆಯ ಡಬ್ಬದಲ್ಲೂ ವರ್ಷವಿಡೀ ಕಾಳಿರುತ್ತದೆ.

ಕೊನೆಯದಾಗಿ ಒಂದು ಮಾತು. ಕೆಳಪಾತಿ ಬಾಡಿದಂತೆ ಕಾಣುತ್ತದೆ. ಕಾಣಲಿ ಬಿಡು. ನೀನು ಮರುಗಬೇಡ.

ನಿನ್ನ ತಮ್ಮ

ಮಾರ್ಚ್ 14

ತಮ್ಮಾ,

ಭಾವನ ಮೊಣಕಾಲು ಬಿಟ್ಟು ಉಳಿದವರೆಲ್ಲ ಕ್ಷೇಮ. ಆ ಮೊಣಕಾಲಿನ ಸಮಾಚಾರ ಬರೆಯಲು ಕೂತರೆ ಬೇರೆ ಡಬ್ಬಿಯೇ ಬೇಕಾದೀತು.

ನಿನ್ನ ಹದಿನೇಳು ಎರಡು ಪಾತಿಯಲ್ಲೂ ಎದ್ದಿದೆ. ಮೇಲಿನದು ನಳನಳಿಸುತ್ತಿದೆ. ಕೆಳಗಿನದು ಬೆಳಿಗ್ಗೆ ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನವಾಯಿತೆಂದರೆ ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಲ್ಲುತ್ತದೆ. ನಡುವಿನ ಬದುವಿನ ಮೇಲೆ ಹೋಗುವಾಗ ನಾನು ಮೇಲಿನ ಕಡೆಗೆ ಮುಖ ತಿರುಗಿಸಿಕೊಂಡು ಹೋಗುತ್ತೇನೆ. ಇದು ಪಂಕ್ತಿಭೇದ ಕಣೋ. ಒಂದೇ ಸಾಲಿನಲ್ಲಿ ಕೂರಿಸಿ ಒಬ್ಬರಿಗೆ ಬಡಿಸಿ ಇನ್ನೊಬ್ಬರನ್ನು ದಾಟಿ ಹೋಗುವುದು. ನಿಮ್ಮ ಶಾಸ್ತ್ರದಲ್ಲಿ ಇದಕ್ಕೆ ದೊಡ್ಡ ಹೆಸರಿರಬಹುದು.

ನನ್ನ ನಾದಿನಿ ಗಿಣಿ ನೋಡಲು ಬಂದಿದ್ದಳು. ಅವಳಿಗೆ ಆ ಹೆಸರು ಯಾಕೆ ಬಂತೆಂದು ನಿನಗೆ ಗೊತ್ತೇ ಇದೆ, ಬಾಯಿ ತೆರೆದರೆ ಮುಚ್ಚಲು ಇನ್ನೊಬ್ಬರು ಬರಬೇಕು. ಬದುವಿನ ಮೇಲೆ ನಿಂತು, "ಅತ್ತಿಗೆ, ಒಂದು ಮಗೂಗೆ ಹಾಲು ಕೊಟ್ಟು ಇನ್ನೊಂದರ ಮುಖ ನೋಡ್ತಾ ಕೂತ್ಕೋ ಅಂದ್ರೆ ನೀವು ಕೂರ್ತೀರಾ?" ಅಂದಳು.

"ನನ್ನ ತಮ್ಮ ಹೇಳಿದಾನೆ, ಕೂರ್ತೀನಿ" ಅಂದೆ.

"ಕೂತ ಹಾಗೇ ಇದೆ" ಎಂದು ನಕ್ಕು ಹೋದಳು.

ಮಣ್ಣು, ಎಲೆ ಇಟ್ಟಿದ್ದೇನೆ. ಕೆಳಪಾತಿಯ ಎಲೆಯನ್ನು ಕೀಳುವಾಗ ಅದಕ್ಕೊಂದು ಮಾತು ಹೇಳಿ ಕಿತ್ತೆ. ಏನು ಹೇಳಿದೆ ಎಂದು ಕೇಳಬೇಡ.

ಅಕ್ಕ

ಮಾರ್ಚ್ 27

ಅಕ್ಕಾ,

ನಿನ್ನ ಕಾಗದವನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಪಂಕ್ತಿಭೇದದ ಮಾತಿಗೆ ನಮ್ಮ ಮುಖ್ಯಸ್ಥರೂ ನಕ್ಕರು. ಅವರು ನಗುವುದು ಅಪರೂಪ, ಈಚೆಗಂತೂ ಕಾರಣವೂ ಇಲ್ಲ.

ವಿಷಯ ಹೇಳಿಯೇ ಬಿಡುತ್ತೇನೆ. ಉಳಿದ ನಾಲ್ಕು ಊರುಗಳಲ್ಲಿ ಮೂರು ಕೈಬಿಟ್ಟವು. ಒಂದು ಕಡೆ ಕಾಲುವೆಯ ಏರಿ ಒಡೆದು ಪಾತಿಯೇ ಕೊಚ್ಚಿ ಹೋಯಿತು. ಒಂದು ಕಡೆ ಆಡುಗಳು ನುಗ್ಗಿ ಕೆಳಪಾತಿ ಮೇಲ್ಪಾತಿ ಎಂಬ ಭೇದವಿಲ್ಲದೆ ಮೇಯ್ದವು. ಇನ್ನೊಂದು ಕಡೆಯವರು ಬೀಜವನ್ನು ಬಿತ್ತಲೇ ಇಲ್ಲ, ಬೇಯಿಸಿ ತಿಂದರಂತೆ, ರುಚಿಯಾಗಿತ್ತು ಎಂದು ಬರೆದಿದ್ದಾರೆ. ನಾಲ್ಕನೆಯದರಲ್ಲಿ ಹುಳು ಬಿದ್ದಿದೆ, ಅದೂ ಉಳಿಯುವುದು ಅನುಮಾನ.

ಜುಲೈಯಲ್ಲಿ ಪರಿಶೀಲನೆಯವರು ಬರುತ್ತಾರೆ. ತೋರಿಸಲು ಒಂದಾದರೂ ಹೊಲವಿಲ್ಲದಿದ್ದರೆ ಈ ಕೆಲಸವನ್ನೇ ಮುಚ್ಚುತ್ತಾರೆ. ನನ್ನ ಮೇಜು, ನನ್ನ ಗಾಜಿನ ಮನೆ, ಹದಿನೇಳು, ಎಲ್ಲವೂ ಹೋಗುತ್ತವೆ. ಈಗ ಎಲ್ಲರ ಕಣ್ಣೂ ನಿನ್ನ ಕೆಳಪಾತಿಯ ಮೇಲಿದೆ. ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ನೀನು ಮಾಡುತ್ತಿರುವುದನ್ನೇ ಮಾಡುತ್ತಾ ಹೋಗು.

ತಮ್ಮ

ಏಪ್ರಿಲ್ 20

ತಮ್ಮಾ,

ಕೆಳಪಾತಿ ಈಗ ಚೆನ್ನಾಗಿದೆ. ಹೂ ಬಿಟ್ಟಿದೆ. ನೀನು ಚಿಂತೆ ಬಿಟ್ಟು ಹೊತ್ತಿಗೆ ಸರಿಯಾಗಿ ಊಟ ಮಾಡು.

ಹಿತ್ತಿಲ ಗೋಡೆಗೆ ಸುಣ್ಣ ಹೊಡೆಸಿದೆವು. ಭಾವ ಏಣಿಯ ಮೇಲೆ ನಾನೇ ಹತ್ತುತ್ತೇನೆ ಎಂದು ಹಟ ಹಿಡಿದು ಎರಡನೇ ಮೆಟ್ಟಿಲಿನಲ್ಲಿ ಕೂತರು, ಇಳಿಸಲು ಇಬ್ಬರು ಬೇಕಾಯಿತು. ಹಳೆಯ ತಾಮ್ರದ ಕೊಡದ ತಳ ಸೋರುತ್ತಿತ್ತು, ಬೆಸುಗೆ ಹಾಕಿಸಿದೆ. ಕಾಲುವೆಯಲ್ಲಿ ನೀರು ಸಣ್ಣಗಾಗಿದೆ. ಬೇರೆ ವಿಶೇಷವಿಲ್ಲ.

ಮಣ್ಣು, ಎಲೆ ಡಬ್ಬಿಯಲ್ಲಿವೆ.

ಅಕ್ಕ

ಏಪ್ರಿಲ್ 29

ಅಕ್ಕಾ,

ಡಬ್ಬಿ ತಲುಪಿತು. ಕೆಳಪಾತಿಯ ಎಲೆಗಳನ್ನು ನೋಡಿ ಇಲ್ಲಿ ಎಲ್ಲರಿಗೂ ಆಶ್ಚರ್ಯ. ಇಷ್ಟು ತುಂಬಿದ ಎಲೆಯನ್ನು ಅರ್ಧ ನೀರಿನ ಗಿಡದಲ್ಲಿ ಯಾರೂ ನೋಡಿರಲಿಲ್ಲ.

ಒಂದು ಸಣ್ಣ ವಿಷಯ. ನಿನಗೆ ಹಿಂದೆ ಹೇಳಿದ್ದೆನೋ ಇಲ್ಲವೋ, ಪಾತಿಯಲ್ಲಿ ಹೂತಿರುವ ಕಡ್ಡಿ ಮಣ್ಣಿನ ತೇವವನ್ನು ಅಳೆದು ನಮಗೆ ತಿಳಿಸುತ್ತಲೇ ಇರುತ್ತದೆ. ಈ ತಿಂಗಳು ಕೆಲವು ಸಂಜೆ ಕೆಳಪಾತಿಯಲ್ಲಿ ತೇವ ಸ್ವಲ್ಪ ಏರಿದೆ. ಸರದಿ ಇಲ್ಲದ ದಿನಗಳಲ್ಲಿ. ದೊಡ್ಡ ವಿಷಯವೇನಲ್ಲ. ಈ ಕಾಲದಲ್ಲಿ ಒಮ್ಮೊಮ್ಮೆ ಸಂಜೆ ಹನಿ ಬೀಳುವುದುಂಟಲ್ಲ. ಅಲ್ಲಿ ಮಳೆ ಬಂದಿತ್ತೇ?

ತಮ್ಮ

ಮೇ 6

ತಮ್ಮಾ,

ಹೂಂ. ಬಂದಿತ್ತು. ಒಂದೆರಡು ಹನಿ.

ಅಕ್ಕ

ಜುಲೈ 18

ಅಕ್ಕಾ,

ಸಿಹಿ ಸುದ್ದಿ. ಪರಿಶೀಲನೆಯವರು ಬಂದರು, ನೋಡಿದರು, ಒಪ್ಪಿದರು. ನಿನ್ನ ಎರಡು ಪಾತಿಗಳ ಕಾಳಿನ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಸಂಜೆಯ ತೇವವನ್ನು ಮಳೆಯ ಲೆಕ್ಕಕ್ಕೆ ಹಾಕಿ ಪಕ್ಕಕ್ಕಿಟ್ಟೆವು. ನಮ್ಮ ಕೆಲಸ ಮುಚ್ಚುವುದಿಲ್ಲ. ಬರುವ ಹಂಗಾಮಿಗೆ ನಿಮ್ಮ ಕಾಲುವೆಯುದ್ದಕ್ಕೂ ಹದಿನೇಳನ್ನು ಹಂಚುತ್ತೇವೆ, ಅರ್ಧ ನೀರಿನ ಕ್ರಮದ ಜೊತೆಗೆ.

ಕೊಯ್ಲಿಗೆ ನಮ್ಮವರು ಬಂದಾಗ ತೆಗೆದ ನಿನ್ನ ಕೆಳಪಾತಿಯ ಫೋಟೋವನ್ನು ಇಲ್ಲಿ ಊಟದ ಕೋಣೆಯ ಗೋಡೆಗೆ ಹಾಕಿದ್ದಾರೆ. ನೀನು ಅಂಚಿನಲ್ಲಿ ನಿಂತಿದ್ದೀಯ, ಮುಖ ಅರ್ಧ ಕತ್ತರಿಸಿ ಹೋಗಿದೆ. ಆದರೂ ಎಲ್ಲರಿಗೂ ನನ್ನ ಅಕ್ಕ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ.

ತಮ್ಮ

ಆಗಸ್ಟ್ 2

ತಮ್ಮಾ,

ನಿನ್ನ ಕೆಲಸ ಉಳಿದದ್ದು ಸಂತೋಷ. ಭಾವ ಕಾಗದವನ್ನು ಮೂರು ಮನೆಗೆ ಓದಿ ಹೇಳಿದರು.

ಹಂಚುವುದಕ್ಕೆ ಮೊದಲು ಇನ್ನೊಂದು ವರ್ಷ ನೋಡಿದರಾಗದೇ? ಒಂದೇ ಹೊಲ, ಒಂದೇ ವರ್ಷ. ಗಿಣಿ ಈಗಲೇ ಕುಣಿಯುತ್ತಿದ್ದಾಳೆ. ಅವಳ ಹೊಲಕ್ಕೆ ಪೂರ್ತಿ ಹದಿನೇಳನ್ನೇ ಬಿತ್ತುತ್ತಾಳಂತೆ. ತನ್ನ ಸರದಿಯ ಅರ್ಧ ನೀರನ್ನು ತುದಿಮನೆಯ ಅಜ್ಜಿಗೆ ಬಿಟ್ಟುಕೊಡುತ್ತೇನೆ ಎಂದು ಮಾತು ಕೊಟ್ಟೂ ಆಗಿದೆ. "ಅತ್ತಿಗೆ ಬೆಳೆದದ್ದನ್ನ ನಾನು ಕಣ್ಣಾರೆ ನೋಡಿದೀನಿ, ಇನ್ಯಾರ ಮಾತು ಬೇಕು?" ಎನ್ನುತ್ತಾಳೆ. ಅವಳ ಮನೆಯಲ್ಲಿ ಆರು ಬಾಯಿ, ವರ್ಷದ ಕಾಳು ಅದೊಂದೇ ಹೊಲದಿಂದ ಬರಬೇಕು. ಅದಕ್ಕೇ ಹೇಳಿದೆ.

ಫೋಟೋ ತೆಗೆಸಿಬಿಡು. ಗೋಡೆ ಖಾಲಿ ಇದ್ದರೇ ಚೆಂದ.

ಅಕ್ಕ

ಆಗಸ್ಟ್ 20

ಅಕ್ಕಾ,

ನಿನ್ನ ಸಂಕೋಚ ನನಗೆ ಗೊತ್ತಿಲ್ಲವೇ. ಯಾರಾದರೂ ಹೊಗಳಿದರೆ ನೀನು ಮೊದಲಿನಿಂದಲೂ ಪಾತ್ರೆ ತೊಳೆಯಲು ಎದ್ದು ಹೋಗುವವಳು. ಎಲ್ಲ ಸರಿಯಾಗುತ್ತದೆ. ಗಿಣಿಯನ್ನು ತಡೆಯಬೇಡ. ಬರುವ ವರ್ಷ ಅವಳ ಹೊಲದ ಮಣ್ಣನ್ನೂ ಡಬ್ಬಿಗೆ ಹಾಕಿ ಕಳುಹಿಸು.

ತಮ್ಮ

ಮಾರ್ಚ್ 28

ತಮ್ಮಾ,

ಇಷ್ಟು ತಿಂಗಳು ನಿನಗೆ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಭಾವನ ಹತ್ತಿರ ಫೋನು ಮಾಡಿಸಿದಾಗ ನೀನು ಅವರ ಮೊಣಕಾಲನ್ನೇ ವಿಚಾರಿಸಿ ಇಟ್ಟೆ.

ಗಿಣಿಯ ಹೊಲ ಮೊಗ್ಗಾಗಿದೆ. ಮೊಗ್ಗು ಉದುರುತ್ತಿದೆ. ಗಿಡಗಳು ಬೆಳಿಗ್ಗೆಯೂ ತಲೆ ಎತ್ತುತ್ತಿಲ್ಲ. ಅವಳು ನೀನು ಹೇಳಿದ ಹಾಗೆ ಒಂದು ಸರದಿ ಬಿಟ್ಟು ಒಂದು ಸರದಿ, ಒಂದು ಚೊಂಬು ಹೆಚ್ಚಿಲ್ಲ ಕಡಿಮೆಯಿಲ್ಲ, ನೀರು ಕೊಟ್ಟಿದ್ದಾಳೆ. ಮೊನ್ನೆ ನನ್ನ ಮನೆಗೆ ಬಂದು ಜಗಲಿಯ ಮೇಲೆ ಕೂತು ಸುಮ್ಮನೆ ಗೋಡೆ ನೋಡಿದಳು. ಗಿಣಿ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ, "ಅತ್ತಿಗೆ, ನನ್ನ ಕೈಗುಣಾನೇ ಸರಿಯಿಲ್ಲ. ಅದೇ ಬೀಜ, ಅದೇ ನೀರು. ನಿಮ್ಮ ಕೈಲಿ ಬಂತು, ನನ್ನ ಕೈಲಿ ಬರ್ತಿಲ್ಲ. ಮನೇಲಿ ಅವರ ಮುಖ ಹೇಗೆ ನೋಡ್ಲಿ" ಅಂದಳು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಈಗ ಕೇಳು. ಮಳೆ ಬಂದಿರಲಿಲ್ಲ. ಒಂದು ಹನಿಯೂ ಬಂದಿರಲಿಲ್ಲ. ಸಂಜೆ ಭಾವ ಕಟ್ಟೆಗೆ ಹೋದ ಮೇಲೆ ನಾನು ಕೊಡದಲ್ಲಿ ಹೊತ್ತು ಕೆಳಪಾತಿಗೆ ಹಾಕುತ್ತಿದ್ದೆ. ಮೊದಲು ನೋಡಲಾರದೆ ಒಂದು ದಿನ ಹಾಕಿದೆ, ಇನ್ನು ಹಾಕುವುದಿಲ್ಲ ಎಂದು ಆಣೆ ಮಾಡಿಕೊಂಡೆ. ಆಮೇಲೆ ನಿನ್ನ ಮೇಜು ಹೋಗುತ್ತದೆ, ಗಾಜಿನ ಮನೆ ಹೋಗುತ್ತದೆ ಎಂಬ ಕಾಗದ ಬಂತು. ಅಲ್ಲಿಂದ ಮುಂದೆ ಗಿಡಕ್ಕಾಗಿ ಹಾಕಲಿಲ್ಲ, ನಿನಗಾಗಿ ಹಾಕಿದೆ. ಹೂವಿನ ದಿನಗಳಲ್ಲಿ ತಪ್ಪದೆ ಹಾಕಿದೆ. ಕಾಯಲು ಬಿಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಹೂವಿಗೆ ಈಗ ನೀರು ಸಿಕ್ಕರೆ ಕಾಯಿ ತುಂಬೀತು. ಸಿಗದಿದ್ದರೆ ಜೊಳ್ಳು. ಗಿಣಿಯದೊಂದೇ ಅಲ್ಲ, ಕಾಲುವೆಯುದ್ದಕ್ಕೂ ಬಿತ್ತಿದ್ದಾರೆ. ನಾನು ಹೇಳಿದರೆ ಒಂದು ಮನೆ ಕೇಳೀತು. ನೀನು ಹೇಳಿದರೆ ಎಲ್ಲರೂ ಕೇಳುತ್ತಾರೆ. ಈ ಕಾಗದ ಕಂಡ ದಿನವೇ ಎಲ್ಲರಿಗೂ ತಿಳಿಸು. ತಪ್ಪು ನನ್ನದು ಎಂದೇ ಹೇಳು.

ಅಕ್ಕ

ಏಪ್ರಿಲ್ 5

ಅಕ್ಕಾ,

ಡಬ್ಬಿ ತಲುಪಿತು. ಗಿಣಿಯ ಹೊಲದ ಮಣ್ಣಿನ ಪೊಟ್ಟಣಗಳು ಒಣಗಿ ಪುಡಿಪುಡಿಯಾಗಿ ಬಹಳ ಚೆನ್ನಾಗಿ ಬಂದಿವೆ, ನೀನು ಕಟ್ಟುವ ರೀತಿಯನ್ನು ಇಲ್ಲಿಯವರು ಕಲಿಯಬೇಕು. ಕಾಗದ ಮಾತ್ರ ದಾರಿಯಲ್ಲಿ ನೆನೆದಿರಬೇಕು, ಮಸಿಯೆಲ್ಲ ಹರಡಿ ಏನೂ ಓದಲಾಗಲಿಲ್ಲ. ಮುಖ್ಯವಾದದ್ದೇನೂ ಇರಲಿಲ್ಲ ಎಂದುಕೊಳ್ಳುತ್ತೇನೆ.

ಈ ತಿಂಗಳ ಕೊನೆಯಲ್ಲಿ ಇಲ್ಲಿ ದೊಡ್ಡ ಸಭೆ ಇದೆ. ಹದಿನೇಳರ ಬಗ್ಗೆ ನಾನೇ ಮಾತನಾಡಬೇಕು. ಅದು ಮುಗಿದ ಮೇಲೆ ಬಿಡುವು ಮಾಡಿಕೊಂಡು ಬರುತ್ತೇನೆ. ಆಗ ಎಲ್ಲ ಕೂತು ಮಾತನಾಡೋಣ. ಅಲ್ಲಿಯವರೆಗೆ ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ.

ಭಾವನ ಮೊಣಕಾಲು ಹೇಗಿದೆ?

ತಮ್ಮ

ಏಪ್ರಿಲ್ 12

ತಮ್ಮಾ,

ನಾನು ಮಣ್ಣನ್ನೂ ಕಾಗದವನ್ನೂ ಒಂದೇ ಡಬ್ಬಿಯಲ್ಲಿಟ್ಟೆ. ಮಣ್ಣು ಒಣಗಿ ಪುಡಿಪುಡಿಯಾಗಿ ಬಂತು, ಅದರ ಮೇಲಿದ್ದ ಕಾಗದ ನೆನೆಯಿತು. ಇನ್ನು, ಓದಲಾಗದ ಕಾಗದದಲ್ಲಿ ಯಾರಿಗೂ ಹೇಳಬಾರದ್ದು ಇದೆ ಎಂದು ನಿನಗೆ ಹೇಗೆ ಗೊತ್ತಾಯಿತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿಕ್ಕವನಿದ್ದಾಗಲೂ ನಿನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಳ್ಳೆಯದೆಂದುಕೊಂಡಿದ್ದೆ.

ನಿನ್ನ ಕಾಗದ ಓದಿ ಒಲೆಯ ಮೇಲಿನ ಪಾತ್ರೆ ಇಳಿಸಿ ನೇರ ಗಿಣಿಯ ಹೊಲಕ್ಕೆ ಹೋದೆ. ಅವಳು ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು ಕಾಯಿಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ನನ್ನನ್ನು ಕಂಡು, "ಮುಟ್ಟಿ ನೋಡಿ ಅತ್ತಿಗೆ, ಒಳಗೆ ಏನೂ ಇಲ್ಲ" ಅಂದಳು.

ನಾನು ನಿಂತೇ ಇದ್ದೆ. "ನಿನ್ನ ಕೈಗುಣ ಚೆನ್ನಾಗಿದೆ ಕಣೇ. ಕೆಟ್ಟದ್ದು ನನ್ನ ಕೈ" ಅಂದೆ.

"ಅಂದ್ರೆ?"

"ಹೋದ ವರ್ಷ ಕೆಳಪಾತಿಗೆ ನಾನು ನೀರು ಹಾಕ್ತಿದ್ದೆ. ಕದ್ದು."

ಅವಳು ಇನ್ನೊಂದು ಕಾಯಿಯನ್ನು ಒತ್ತಿ ನೋಡಿದಳು. "ದಿನಾನಾ?"

"ದಿನಾ ಅಲ್ಲ. ಬಾಡಿದ ದಿನ."

"ಬಾಡದ ದಿನ ಯಾವುದಿತ್ತು ಅತ್ತಿಗೆ?"

ಆಮೇಲೆ ಅವಳು ಅತ್ತಳು. ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡೆ. ಅಲ್ಲ. "ನನ್ನ ಕೈಯಲ್ಲೇ ಏನೋ ದೋಷ ಅಂತ ಇಷ್ಟು ದಿನ ಮಕ್ಕಳಿಗೆ ತಟ್ಟೆ ಹಾಕೋಕೂ ಹಿಂಜರೀತಿದ್ದೆ" ಅಂದಳು. ಕಣ್ಣು ಒರೆಸಿಕೊಂಡ ಮೇಲೆ ಸಿಟ್ಟು ಬಂತು. ಅದನ್ನು ನಾನು ಬರೆಯುವುದಿಲ್ಲ, ಅವಳು ಅಂದದ್ದೆಲ್ಲ ಸರಿಯಾಗಿಯೇ ಇತ್ತು.

"ನಿಮ್ಮ ತಮ್ಮನಿಗೆ ಗೊತ್ತಾ?" ಎಂದು ಕೊನೆಗೆ ಕೇಳಿದಳು. "ಬರೆದಿದೀನಿ" ಅಂದೆ. ಅವನೇನಂದ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನಿನ್ನ ಮಾನ ಅಲ್ಲೇ ಹೋಗುತ್ತಿತ್ತು.

ಅಲ್ಲಿಂದ ಇಬ್ಬರೂ ಕಾಲುವೆಯ ಬದಿಯಲ್ಲೇ ಮನೆಯಿಂದ ಮನೆಗೆ ನಡೆದೆವು. ಅವಳು ಮುಂದೆ, ನಾನು ಹಿಂದೆ. ಪ್ರತಿ ಬಾಗಿಲಲ್ಲೂ ನಾನೇ ಹೇಳಿದೆ. ಒಬ್ಬರು ಬೈದರು, ಒಬ್ಬರು ನಕ್ಕರು, ಒಬ್ಬರು ಬಾಗಿಲು ಹಾಕಿಕೊಂಡರು. ತುದಿಮನೆಯ ಅಜ್ಜಿಯ ಹತ್ತಿರ ಗಿಣಿ ಕೊಟ್ಟ ನೀರನ್ನು ವಾಪಸು ಕೇಳಬೇಕಾಯಿತು. ಆ ನೀರು ನಂಬಿ ಅಜ್ಜಿ ಸೊಪ್ಪು ತರಕಾರಿ ಎಬ್ಬಿಸಿದ್ದಳು. ಅಜ್ಜಿ ಗಿಣಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಕೊಟ್ಟಿದ್ದು ನೀನು, ತಗೊಂಡು ಹೋಗು. ನನ್ನ ಸೊಪ್ಪು ಹೋದ್ರೆ ಹೋಯ್ತು, ನಿನ್ನ ಹೊಲಾನಾದ್ರೂ ಉಳೀಲಿ" ಎಂದು ತೂಬಿನ ಹಲಗೆಯನ್ನು ತಾನೇ ಎತ್ತಿದಳು. ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ಇಲ್ಲಿ ಹತ್ತು ಮನೆಗಾಯಿತು. ಕಾಲುವೆ ಇಲ್ಲಿಗೇ ಮುಗಿಯುವುದಿಲ್ಲ, ಕೆಳಗೆ ಬೇರೆ ಊರುಗಳಿಗೂ ನೀನು ಬೀಜ ಕಳುಹಿಸಿದ್ದೀಯ. ಅಲ್ಲಿಗೆಲ್ಲ ನನ್ನ ಕಾಲು ನಡೆಯುವುದಿಲ್ಲ. ಈ ಕಾಗದವನ್ನು ಡಬ್ಬಿಯಲ್ಲಿ ಹಾಕಿಲ್ಲ. ಎಣ್ಣೆ ಕಾಗದದಲ್ಲಿ ಸುತ್ತಿ, ರಿಜಿಸ್ಟರ್ ಮಾಡಿಸಿ, ನೀನೇ ಸಹಿ ಹಾಕಿ ತೆಗೆದುಕೊಳ್ಳುವ ಹಾಗೆ ಕಳುಹಿಸಿದ್ದೇನೆ.

ಅಕ್ಕ

ಏಪ್ರಿಲ್ 18

ಅಕ್ಕಾ,

ಕಾಗದ ನೆನೆದಿರಲಿಲ್ಲ.

ಆ ಕಾಗದವನ್ನು ಡಬ್ಬಿ ತೆರೆಯುವ ಕೋಣೆಯಲ್ಲಿ, ತಕ್ಕಡಿಯ ಪಕ್ಕದಲ್ಲಿ ನಿಂತು ಓದಿದೆ. ಓದಿ ಮಡಿಸಿ ಜೇಬಿಗಿಟ್ಟೆ. ಸಭೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಹೂ ನನ್ನ ಸಭೆಗಾಗಿ ಕಾಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ವಿಷಯದ ಮೇಲೆ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವನು ನಾನು.

ಇನ್ನೂ ಇದೆ. ಹೋದ ವರ್ಷ ಕಡ್ಡಿಯ ಲೆಕ್ಕದಲ್ಲಿ ಕೆಳಪಾತಿಯ ತೇವ ಏರಿದ ಸಂಜೆಗಳಲ್ಲಿ ಮೇಲಿನ ಪಾತಿಯ ತೇವ ಏರಿರಲಿಲ್ಲ. ನಡುವೆ ಒಂದು ಬದು ಮಾತ್ರ ಇದೆ. ಒಂದು ಪಾತಿಗೆ ಬಿದ್ದು ಪಕ್ಕದ್ದಕ್ಕೆ ಬೀಳದ ಮಳೆ ಎಲ್ಲಾದರೂ ಉಂಟೇ? ನೋಡಿದ ಕ್ಷಣವೇ ನನಗೆ ನಿನ್ನ ಕೊಡ ಕಣ್ಣಿಗೆ ಬಂತು. ತಳಕ್ಕೆ ಬೆಸುಗೆ ಹಾಕಿಸಿದೆ ಎಂದು ನೀನೇ ಬರೆದಿದ್ದೆ. ನೀರು ಹಾಕಿದೆಯಾ ಎಂದು ಕೇಳಿದ್ದರೆ ನೀನು ಹೌದು ಎನ್ನುತ್ತಿದ್ದೆ. ಅದಕ್ಕೇ ಹಾಗೆ ಕೇಳಲಿಲ್ಲ. ಮಳೆ ಬಂದಿತ್ತೇ ಎಂದು ಕೇಳಿದೆ. ನಿನ್ನ ಬಾಯಿಗೆ ಮಳೆಯನ್ನು ಇಟ್ಟವನು ನಾನು. ನಿನ್ನದು ಮರುಕದಿಂದ ಆದದ್ದು, ನನ್ನದು ತಿಳಿದೂ ತಿಳಿದೂ ಮಾಡಿದ್ದು.

ನಿನ್ನ ರಿಜಿಸ್ಟರ್ ಕಾಗದಕ್ಕೆ ಸಹಿ ಹಾಕಿ, ಅದನ್ನು ಹಿಡಿದುಕೊಂಡೇ ಮುಖ್ಯಸ್ಥರ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಹಗುರವಾಗುತ್ತಿತ್ತು. "ಕಡ್ಡಿ ಕೆಟ್ಟಿದೆ ಅಂತ ನಿಮಗೆ ಯಾವಾಗಾದ್ರೂ ಅನ್ನಿಸಿತ್ತಾ?" ಎಂದು ಕೇಳಿದರು. "ಒಂದು ದಿನವೂ ಇಲ್ಲ" ಎಂದೆ. ಆಮೇಲೆ ಇಬ್ಬರೂ ಕೂತು ಬೀಜ ತೆಗೆದುಕೊಂಡ ಎಲ್ಲರಿಗೂ ಫೋನು ಮಾಡಿದೆವು. ಅರ್ಧ ನೀರಿನ ಕ್ರಮ ಬಿಡಿ, ಹೂವಿಗೆ ಪೂರ್ತಿ ಕೊಡಿ ಎಂದೆವು. ಕೆಲವರು ಆಗಲೇ ಹೂವು ಉದುರಿ ಹೋಯಿತು ಎಂದರು. ನಾನು ಜೇಬಿನಲ್ಲಿಟ್ಟುಕೊಂಡ ದಿನಗಳಲ್ಲಿ ಉದುರಿದ ಹೂವು ಅದು.

ಒಂದು ನೆನಪು ಬಿಡುತ್ತಿಲ್ಲ. ಮನೆಯಲ್ಲಿ ಕಾಳು ಕಡಿಮೆಯಾದ ವರ್ಷ ಅಮ್ಮ ನನಗೆ ಬಡಿಸುವಾಗ ನೀನು ನನಗೆ ಹಸಿವಿಲ್ಲ ಎನ್ನುತ್ತಿದ್ದೆ. ಆ ಮನೆಯ ಕೆಳಪಾತಿ ನೀನಾಗಿದ್ದೆ. ಅದಕ್ಕೇ ನೀನು ನೋಡಿ ಸುಮ್ಮನಿರಲಾರದೆ ಹೋದೆ ಎಂದು ನನಗೀಗ ಅರ್ಥವಾಗುತ್ತಿದೆ.

ತಮ್ಮ

ಜೂನ್ 15

ತಮ್ಮಾ,

ಆ ಹಳೆಯ ಕಥೆಯನ್ನು ತಂದು ಇದಕ್ಕೆ ಗಂಟು ಹಾಕಬೇಡ. ಆ ವರ್ಷ ನನಗೆ ನಿಜವಾಗಿಯೂ ಹಸಿವಿರಲಿಲ್ಲ, ಪಕ್ಕದ ಮನೆಯ ಮರದ ಹಣ್ಣು ಕದ್ದು ತಿಂದು ಬರುತ್ತಿದ್ದೆ. ಗಿಡ ಬಾಡಿತ್ತು, ಕೊಡ ತುಂಬಿತ್ತು, ಹಾಕಿದೆ. ಆಮೇಲೆ ನೀನು ಗೆಲ್ಲಲಿ ಎಂದು ಹಾಕಿದೆ. ತಪ್ಪಿಗೆ ಚೆಂದದ ಅಂಗಿ ತೊಡಿಸಿದರೆ ಅದು ತಪ್ಪಲ್ಲದೆ ಹೋಗುವುದಿಲ್ಲ, ನಿನ್ನದೂ ಅಷ್ಟೇ, ನನ್ನದೂ ಅಷ್ಟೇ.

ಗಿಣಿಯ ಹೊಲದಲ್ಲಿ ತಡವಾಗಿ ಬಿಟ್ಟ ಹೂವು ಕಟ್ಟಿತು. ಅರ್ಧ ಬಂತು, ಅರ್ಧ ಜೊಳ್ಳು. ಬಡಿದು ತೂರಿದ ದಿನ ನಾನೂ ಹೋಗಿದ್ದೆ. ಗಿಣಿ ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಹೊಟ್ಟು ಗಾಳಿಗೆ ಹೋಗುವಾಗ ರಾಶಿ ಎಷ್ಟು ಸಣ್ಣದಾಗುತ್ತದೆ ಎಂದು ಇಬ್ಬರೂ ನೋಡಿದೆವು. ನಮ್ಮ ಮನೆಯ ಕಾಳಿನಲ್ಲಿ ಅರ್ಧ ಅವಳ ಮನೆಗೆ ಹೊರಿಸಿಕೊಂಡು ಹೋದೆ. "ಅಣ್ಣನ ಮನೇದು ಅಂತ ಇಟ್ಕೋತೀನಿ, ನಿಮ್ಮದು ಅಂತ ಅಲ್ಲ" ಅಂದಳು. ಅವಳ ಅಣ್ಣ, ಅಂದರೆ ನಿನ್ನ ಭಾವ, ಪಕ್ಕದಲ್ಲೇ ಇದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಜ್ಜಿಯ ಸೊಪ್ಪಿನ ಮಡಿ ಒಣಗಿ ಹೋಯಿತು. ಅದನ್ನು ದಿನಾ ದಾಟಿ ಹೋಗುತ್ತೇನೆ. ಈಗ ಮುಖ ತಿರುಗಿಸಿಕೊಳ್ಳಲು ಆಚೆ ಕಡೆಯೂ ಇಲ್ಲ.

ಅಕ್ಕ

ಅಕ್ಟೋಬರ್ 3

ಅಕ್ಕಾ,

ಹದಿನೇಳನ್ನು ಈಗ ಬೇರೊಬ್ಬರು ನೋಡಿಕೊಳ್ಳುತ್ತಾರೆ. ನಾನು ಡಬ್ಬಿ ತೆರೆದು ಪೊಟ್ಟಣ ತೂಗುವ ಕೋಣೆಯಲ್ಲಿದ್ದೇನೆ. ಕಷ್ಟವೇನಿಲ್ಲ. ಬಂದ ಕಾಗದಗಳನ್ನು ಬಂದ ದಿನವೇ ಓದುತ್ತೇನೆ.

ತಳಿ ಕೆಟ್ಟದ್ದಲ್ಲ. ನೀನು ಹೂವಿನ ದಿನಗಳಲ್ಲಿ ತಪ್ಪದೆ ಹಾಕಿದ್ದರಿಂದ ಕೆಳಪಾತಿ ಗೆದ್ದಿರಬಹುದು ಎಂದು ಮುಖ್ಯಸ್ಥರಿಗೆ ಅನುಮಾನ ಬಂದಿದೆ. ಉಳಿದ ದಿನ ಅರ್ಧ, ಹೂವಿಗೆ ಪೂರ್ತಿ. ನಿಜವಾದರೆ ತುದಿಯ ಮನೆಗೆ ಅರ್ಧವಲ್ಲದಿದ್ದರೂ ಒಂದು ಪಾಲು ನೀರು ಉಳಿಯುತ್ತದೆ. ಮತ್ತೆ ನೋಡಬೇಕು, ಈ ಸಲ ಮೂರು ಪಾತಿ, ಹಲವು ಹೊಲ. ಅಲ್ಲಿ ಯಾರಾದರೂ ಒಪ್ಪುತ್ತಾರೆಯೇ? ನಿನ್ನನ್ನು ಕೇಳುತ್ತಿಲ್ಲ. ನಿನ್ನನ್ನು ಕೇಳುವ ಮುಖ ನನಗಿಲ್ಲ.

ತಮ್ಮ

ಮಾರ್ಚ್ 20

ತಮ್ಮಾ,

ಮೂರು ಪಾತಿ ಗಿಣಿಯ ಹೊಲದಲ್ಲಿವೆ. ಅವಳೇ ಒಪ್ಪಿದ್ದು. "ಅತ್ತಿಗೆಗೆ ಮಾತ್ರ ಕೊಡ್ಬೇಡಿ, ಅವರ ಕೈ ಸುಮ್ನಿರಲ್ಲ" ಎಂದು ನಿಮ್ಮವರಿಗೆ ಹೇಳಿದಳಂತೆ. ಸುತ್ತ ಮುಳ್ಳಿನ ಬೇಲಿ ಹಾಕಿದ್ದಾಳೆ. ಆಡಿಗೆ ಎಂದು ಊರವರಿಗೆ ಹೇಳುತ್ತಾಳೆ. ನಮ್ಮ ಕಡೆ ಆಡು ಸಾಕಿದವರು ಯಾರೂ ಇಲ್ಲ.

ಹೂವಿಗೂ ಅರ್ಧ ನೀರೇ ಸಿಗುವ ಪಾತಿ ದಾರಿಯ ಬದಿಗೇ ಇದೆ. ಮಧ್ಯಾಹ್ನ ಅದರ ಗತಿ ನಿನಗೆ ಗೊತ್ತು. ನಿನ್ನೆ ಸಂಜೆ ಕಾಲುವೆಯಿಂದ ಬರುವಾಗ ಕೊಡ ಸೊಂಟದಲ್ಲಿತ್ತು, ಬೇಲಿಯ ಹತ್ತಿರ ಕಾಲು ತಾನಾಗಿ ನಿಂತಿತು. ಒಳಗಿನಿಂದ ಗಿಣಿ ನೋಡುತ್ತಿದ್ದಳು. ಆಮೇಲೆ ಕೊಡವನ್ನು ಅಜ್ಜಿಯ ಮಡಿಗೆ ಹೊತ್ತುಕೊಂಡು ಹೋಗಿ ಹೊಸದಾಗಿ ಎದ್ದ ಸೊಪ್ಪಿಗೆ ಹಾಕಿದೆ. ಅದಕ್ಕೆ ಯಾವ ಕಡ್ಡಿಯೂ ಇಲ್ಲ. ವಾಪಸು ಬರುವಾಗ ಗಿಣಿ ಬೇಲಿಯ ಮೇಲಿಂದ, "ನಾಳೆ ಮಣ್ಣಿನ ಪೊಟ್ಟಣ ಕಟ್ಟೋಕೆ ಬನ್ನಿ, ನನಗೆ ನಿಮ್ಮ ಹಾಗೆ ಕಟ್ಟೋಕೆ ಬರಲ್ಲ" ಅಂದಳು. ಇವತ್ತು ಅವಳ ಕಣ್ಣೆದುರಿಗೇ ಕಟ್ಟಿ ಕೊಟ್ಟು ಬಂದೆ.

ಡಬ್ಬಿಯಲ್ಲಿ ಈ ಕಾಗದ ಎಲ್ಲಕ್ಕಿಂತ ಮೇಲಿರುತ್ತದೆ. ನೀನು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ. ಇಲ್ಲಿ ಮಳೆ ಬಂದಿಲ್ಲ.

ಅಕ್ಕ